ಕರಯಂತ್ರಾಂತರಗಮನ ಮೀಮಾಂಸೆ: ಕುಮಾರ ಪಾರ್ಕ್ ಬಡಾವಣೆಯನ್ನು ವಿಶೇಷವಾಗಿ ಅನುಲಕ್ಷಿಸಿ

1. ಪ್ರಸ್ತಾವನೆ

ಮಾನವನ ಇತಿಹಾಸವೆಂದರೆ ವಲಸೆಯ ಇತಿಹಾಸವೇ ಎಂಬುದನ್ನು ವಿದ್ವಾಂಸರು ಬಹಳ ಹಿಂದೆಯೇ ಒಪ್ಪಿದ್ದಾರಾದರೂ, ಆಂಡ್ರಾಯ್ಡ್ ಫೋನಿನಿಂದ ಐಫೋನಿಗೂ ಐಫೋನಿನಿಂದ ಮರಳಿ ಆಂಡ್ರಾಯ್ಡಿಗೂ ನಡೆಯುವ ವಲಸೆಯನ್ನು ಕನ್ನಡ ಸಂಶೋಧನಾ ಲೋಕವು ಉಪೇಕ್ಷಿಸುತ್ತ ಬಂದಿರುವುದು ವಿಷಾದನೀಯ. ಈ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನವಾದ ಪ್ರಸ್ತುತ ಪ್ರಬಂಧವು ವಿಷಯವನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ, ಅಂದರೆ ಯಾವ ಶಿಸ್ತಿಗೂ ಒಳಪಡದೆ, ಪರಾಮರ್ಶಿಸುತ್ತದೆ.

ಅಧ್ಯಯನದ ವ್ಯಾಪ್ತಿಯು ಒಂದೆಡೆ ಗಾಲ್ಫ್ ಮೈದಾನ, ಒಂದೆಡೆ ರೈಲು ಹಳಿ, ಉಳಿದೆಡೆ ಶೇಷಾದ್ರಿಪುರ ಮತ್ತು ಶಿವಾನಂದ ವೃತ್ತಗಳಿಂದ ಸುತ್ತುವರಿದ ಕುಮಾರ ಪಾರ್ಕಿಗೆ ಸೀಮಿತವಾಗಿದೆ. ಈ ಆಯ್ಕೆ ಆಕಸ್ಮಿಕವಲ್ಲ. ಹಳೆಯ ಬಂಗಲೆಗಳು ಒಡೆದು ಅಪಾರ್ಟ್‌ಮೆಂಟುಗಳಾಗಿ, ಮಕ್ಕಳು ಸ್ಯಾನ್ ಹೋಸೆಯಲ್ಲೋ ಡಬ್ಲಿನ್ನಿನಲ್ಲೋ ನೆಲೆಸಿ, ಪಿಂಚಣಿದಾರ ತಂದೆತಾಯಿಗಳು ಇಲ್ಲೇ ಉಳಿದಿರುವ ಇಂಥ ಬಡಾವಣೆಯಲ್ಲಿ ಫೋನನ್ನು ಜನರು ಕೊಳ್ಳುವುದಕ್ಕಿಂತ ಹೆಚ್ಚಾಗಿ ಅದೇ ಬಂದು ಅವರ ಮನೆಯಲ್ಲಿ ಇಳಿದುಕೊಳ್ಳುತ್ತದೆ. ಡಿಸೆಂಬರಿನಲ್ಲಿ ಬರುವ ಮಗನ ಸೂಟ್‌ಕೇಸಿನಲ್ಲಿ ಬಾದಾಮಿ ಮತ್ತು ವಿಟಮಿನ್ ಮಾತ್ರೆಗಳ ನಡುವೆ ಅವನು ಬಳಸಿ ಬಿಟ್ಟ ಐಫೋನೊಂದು ಇರುತ್ತದೆ. ‘ಅಪ್ಪಾ, ಇದು ತುಂಬಾ ಸಿಂಪಲ್ಲು’ ಎಂಬ ವಾಕ್ಯವೂ ಅದರೊಡನೆ ಬಂದಿರುತ್ತದೆ. ಈ ವಾಕ್ಯವನ್ನೇ ಪ್ರಬಂಧದ ಮೂಲ ಆಕರವೆಂದು ಪರಿಗಣಿಸಲಾಗಿದೆ.

2. ಲಕ್ಷಣ ನಿರೂಪಣೆ

ಪಾರಿಭಾಷಿಕ ಪದಗಳಿಲ್ಲದ ಶಾಸ್ತ್ರಕ್ಕೆ ವಿಚಾರ ಸಂಕಿರಣಗಳಲ್ಲಿ ಊಟದ ಕೂಪನ್ನೂ ದೊರೆಯುವುದಿಲ್ಲ. ಆದ್ದರಿಂದ ಅಂಗೈಯಲ್ಲಿ ಹಿಡಿಯುವ ಫೋನಿಗೆ ‘ಕರಯಂತ್ರ’ವೆಂದೂ, ಅದನ್ನು ನಡೆಸುವ ಮೂಲ ತಂತ್ರಾಂಶಕ್ಕೆ ‘ಅಧಿಷ್ಠಾನ’ವೆಂದೂ, ಆ ತಂತ್ರಾಂಶದ ಒಡೆತನವುಳ್ಳ ಕಂಪನಿಗೆ ‘ಅಧಿಷ್ಠಾನದೇವತೆ’ಯೆಂದೂ, ಒಂದು ದೇವತೆಯನ್ನು ತೊರೆದು ಇನ್ನೊಂದರ ಆಶ್ರಯಕ್ಕೆ ಹೋಗುವುದಕ್ಕೆ ‘ಸ್ವಕೀಯದತ್ತಾಂಶಸಮೇತಕರಯಂತ್ರಾಧಿಷ್ಠಾನಾಂತರಗಮನ’ವೆಂದೂ ಇಲ್ಲಿ ಹೆಸರಿಸಲಾಗಿದೆ. ಕೊನೆಯ ಪದವು ಎರಡೂ ಅಧಿಷ್ಠಾನಗಳ ಪರದೆಯಲ್ಲಿ ಒಂದೇ ಸಾಲಿಗೆ ಹಿಡಿಸದ ಕಾರಣ ಇನ್ನು ಮುಂದೆ ‘ಅಂತರಗಮನ’ ಎಂದಷ್ಟೇ ಬಳಸಲಾಗುವುದು.

ತರ್ಕಶಾಸ್ತ್ರದ ಪ್ರಕಾರ ಲಕ್ಷಣಕ್ಕೆ ಮೂರು ದೋಷಗಳುಂಟು: ಲಕ್ಷ್ಯದ ಒಂದು ಭಾಗಕ್ಕೆ ತಗಲದಿದ್ದರೆ ಅವ್ಯಾಪ್ತಿ, ಲಕ್ಷ್ಯವಲ್ಲದ್ದಕ್ಕೂ ತಗಲಿದರೆ ಅತಿವ್ಯಾಪ್ತಿ, ಯಾವುದಕ್ಕೂ ತಗಲದಿದ್ದರೆ ಅಸಂಭವ. ‘ಹಣ ಕೊಟ್ಟು ಬೇರೆ ಅಧಿಷ್ಠಾನದ ಯಂತ್ರ ಪಡೆಯುವುದು ಅಂತರಗಮನ’ ಎಂದರೆ ಮಗನ ಹಳೆಯ ಫೋನು ಹೊರಗುಳಿದು ಅವ್ಯಾಪ್ತಿಯಾಗುತ್ತದೆ. ‘ಕೈಯಲ್ಲಿದ್ದ ಯಂತ್ರ ಹೋಗಿ ಇನ್ನೊಂದು ಬರುವುದು’ ಎಂದರೆ ಮೆಜೆಸ್ಟಿಕ್ಕಿನ ಜೇಬುಗಳ್ಳನ ವೃತ್ತಿಯೂ ಅದರೊಳಗೆ ಬಂದು ಅತಿವ್ಯಾಪ್ತಿಯಾಗುತ್ತದೆ. ‘ತನ್ನದೆಲ್ಲವನ್ನೂ ಕೊಂಡೊಯ್ದು ಹೊಸ ಅಧಿಷ್ಠಾನದಲ್ಲಿ ನೆಲೆಸುವುದು’ ಎಂದರೆ ಅದು ಶುದ್ಧ ಅಸಂಭವ. ಈ ಮೂರನ್ನೂ ನಿವಾರಿಸಿ ಸಿದ್ಧವಾದ ಲಕ್ಷಣ ಹೀಗಿದೆ: ಎಲ್ಲವೂ ಬರುತ್ತದೆ ಎಂಬ ಆಶ್ವಾಸನೆಯಿಂದ ಆರಂಭವಾಗಿ, ಏನೇನು ಬರಲಿಲ್ಲ ಎಂಬುದು ತಿಂಗಳುಗಟ್ಟಲೆ ಒಂದೊಂದಾಗಿ ತಿಳಿಯುತ್ತ ಹೋಗುವ ಕ್ರಿಯೆಯೇ ಅಂತರಗಮನ.

3. ಚಾರಿತ್ರಿಕ ಹಿನ್ನೆಲೆ

ಬೆಂಗಳೂರಿನ ದೂರವಾಣಿ ಚರಿತ್ರೆಯನ್ನು ಏಕಯಂತ್ರಯುಗ ಮತ್ತು ದ್ವಿದೇವತಾಯುಗ ಎಂದು ವಿಭಾಗಿಸಬಹುದು. 1948ರಲ್ಲಿ ಇದೇ ಊರಿನಲ್ಲಿ ಸ್ಥಾಪನೆಯಾದ ಐಟಿಐ ಕಾರ್ಖಾನೆಯ ಕಪ್ಪು ಫೋನು ಮನೆಮನೆಯ ಹಜಾರದಲ್ಲಿ ಕೂತಿದ್ದ ಏಕಯಂತ್ರಯುಗದಲ್ಲಿ ಸಂಪರ್ಕ ಸಿಗಲು ವರ್ಷಗಟ್ಟಲೆ ಕಾಯಬೇಕಿತ್ತೇ ಹೊರತು, ಸಿಕ್ಕ ಮೇಲೆ ಯಾರೂ ಯಾವ ಅಧಿಷ್ಠಾನಕ್ಕೂ ನಿಷ್ಠೆ ತೋರಬೇಕಿರಲಿಲ್ಲ. ಐಫೋನು ಭಾರತಕ್ಕೆ ಬಂದದ್ದು 2008ರಲ್ಲಿ, ಆಂಡ್ರಾಯ್ಡ್ ಅದರ ಮರುವರ್ಷ, ಅಲ್ಲಿಂದ ದ್ವಿದೇವತಾಯುಗ. 2017ರಲ್ಲಿ ಭಾರತದ ಮೊದಲ ಐಫೋನು ಜೋಡಣೆಯಾದದ್ದು ಪೀಣ್ಯದಲ್ಲಿ. ಪೀಣ್ಯ ಕುಮಾರ ಪಾರ್ಕಿನಿಂದ ಕೆಲವೇ ಕಿಲೋಮೀಟರು ದೂರದಲ್ಲಿದ್ದರೂ, ಬಡಾವಣೆಗೆ ಐಫೋನು ಕ್ಯಾಲಿಫೋರ್ನಿಯದ ಮಾರ್ಗವಾಗಿಯೇ ಬರುತ್ತದೆಂಬುದು ಆರ್ಥಿಕ ಭೂಗೋಳಶಾಸ್ತ್ರಜ್ಞರು ಗಮನಿಸಬೇಕಾದ ಸಂಗತಿ.

ಕನ್ನಡದ ಮಟ್ಟಿಗೆ ಎರಡು ದೇವತೆಗಳ ಅನುಗ್ರಹವೂ ಏಕಕಾಲದಲ್ಲಿ ಆಗಲಿಲ್ಲ. ಆಂಡ್ರಾಯ್ಡ್ 2012ರ ಜೆಲ್ಲಿ ಬೀನ್ ಆವೃತ್ತಿಯಲ್ಲಿ ಕನ್ನಡ ಅಕ್ಷರಗಳಿಗೆ ಜಾಗ ಕೊಟ್ಟಿತು. ಐಫೋನು ತನ್ನದೇ ಕನ್ನಡ ಕೀಲಿಮಣೆಯನ್ನು ಕೊಟ್ಟದ್ದು 2017ರ ಐಓಎಸ್ 11ರಲ್ಲಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸಿಕೊಳ್ಳುವುದು ಬೆರಳಿಗೆ ರೂಢಿಯಾದ ಹಿರಿಯರು ಹೊಸ ಯಂತ್ರದಲ್ಲಿ ಬೇರೆ ವಿನ್ಯಾಸ ಕಂಡು, ಮೊಮ್ಮಗಳಿಗೆ ಕನ್ನಡದಲ್ಲಿ ಆಶೀರ್ವಾದ ಬರೆಯುವುದನ್ನು ಬಿಟ್ಟು ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುವುದು ಭಾಷಾಶಾಸ್ತ್ರಕ್ಕೆ ಸೇರಿದ ವಿಷಯವಾದ್ದರಿಂದ ಇಲ್ಲಿ ವಿಸ್ತರಿಸಿಲ್ಲ.

4. ವರ್ಗೀಕರಣ

ಪ್ರೇರಕ ಕಾರಣವನ್ನು ಆಧರಿಸಿ ಅಂತರಗಮನವನ್ನು ಒಂಬತ್ತು ಬಗೆಯಾಗಿ ವಿಂಗಡಿಸಲಾಗಿದೆ.

ಮೊದಲನೆಯದು ಸಂತಾನಪ್ರೇರಿತ. ಫೇಸ್‌ಟೈಮಿನಲ್ಲಿ ಮೊಮ್ಮಕ್ಕಳ ಮುಖ ಕಾಣಲೆಂಬ ಉದ್ದೇಶದಿಂದ ಮಕ್ಕಳೇ ನಡೆಸುವ ಅಂತರಗಮನವಿದು. 2021ರಿಂದ ಆಂಡ್ರಾಯ್ಡಿನವರೂ ಕೊಂಡಿ ಒತ್ತಿ ಫೇಸ್‌ಟೈಮ್ ಸೇರಬಹುದೆಂಬುದನ್ನು ಮಕ್ಕಳು ಸಾಮಾನ್ಯವಾಗಿ ಅಂತರಗಮನ ಮುಗಿದ ಮೇಲೆ ತಿಳಿಸುತ್ತಾರೆ.

ಎರಡನೆಯದು ಬ್ಯಾಟರಿಕ್ಷಯಜನ್ಯ. ಇದರಲ್ಲಿ ಬೇಕಾದದ್ದು ಹೊಸ ಬ್ಯಾಟರಿ, ಸಿಕ್ಕಿದ್ದು ಹೊಸ ಅಧಿಷ್ಠಾನ.

ಮೂರನೆಯದು ಪ್ರತಿಷ್ಠಾಜನ್ಯ. ಅಮೆರಿಕದಲ್ಲಿ ಐಫೋನಿನಿಂದ ಐಫೋನಿನವರಿಗೆ ಕಳಿಸಿದ ಸಂದೇಶ ನೀಲಿ ಗುಳ್ಳೆಯಲ್ಲಿಯೂ ಆಂಡ್ರಾಯ್ಡಿನವರಿಗೆ ಕಳಿಸಿದ್ದು ಹಸಿರು ಗುಳ್ಳೆಯಲ್ಲಿಯೂ ಕಾಣಿಸುವುದರಿಂದ ಹಸಿರಿನವರು ಪಂಕ್ತಿಯಿಂದ ಹೊರಗಾಗುತ್ತಾರೆಂದು ಹೇಳಲಾಗುತ್ತದೆ. ವಾಟ್ಸಾಪಿನಲ್ಲಿ ಸರ್ವರೂ ಹಸಿರಾಗಿರುವ ಕುಮಾರ ಪಾರ್ಕಿನಲ್ಲಿ ಈ ವರ್ಣಭೇದ ನಡೆಯುವುದಿಲ್ಲ. ಇಲ್ಲಿ ಪ್ರತಿಷ್ಠೆಯೆಲ್ಲ ಫೋನಿನ ಬೆನ್ನಿನಲ್ಲಿರುವುದರಿಂದ ಬೆಳಗಿನ ವಾಕಿಂಗಿನಲ್ಲಿ ಅದನ್ನು ಮಗುಚಿ ಹಿಡಿಯುವ ಪದ್ಧತಿಯಿದೆ.

ನಾಲ್ಕನೆಯದು ಉಗ್ರಾಣಪೂರ್ಣತಾಜನ್ಯ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವು ಶುಭೋದಯದ ಗುಲಾಬಿಗಳಿಂದ ತುಂಬಿದಾಗ ಕೆಲವರು ಆ್ಯಪಲ್‌ನ ಐಕ್ಲೌಡಿಗೆ ಹೋಗುತ್ತಾರೆ. ಅಲ್ಲಿ ಉಚಿತವಿರುವುದು 5 ಜಿಬಿ.

ಐದರಿಂದ ಒಂಬತ್ತರವರೆಗಿನ ಬಗೆಗಳನ್ನು ಇಲ್ಲಿ ಕೈಬಿಡಲಾಗಿದೆ. ಹೋದವರು ಯಾವ ಕಾರಣಕ್ಕೆ ಹೋದರೂ ಕಳೆದುಕೊಂಡದ್ದು ಒಂದೇ ಆಗಿರುವಾಗ ವರ್ಗೀಕರಣದಿಂದ ಯಾರಿಗೂ ಪ್ರಯೋಜನವಿಲ್ಲ.

5. ಆಶೌಚ ಪ್ರಕರಣ

ಅಂತರಗಮನವಾದ ಕೂಡಲೇ ಯುಪಿಐ ಆಪ್ ತನ್ನ ಯಜಮಾನನನ್ನೇ ಗುರುತಿಸಲೊಲ್ಲದು. ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ಮಿನಿಂದಲೇ ಎಸ್ಸೆಮ್ಮೆಸ್ ಹೊರಟು, ಸಿಮ್ಮಿಗೂ ಯಂತ್ರಕ್ಕೂ ನಂಟು ಬೆಸೆದ ಮೇಲೂ, ಕೆಲವು ಬ್ಯಾಂಕುಗಳ ನಿಯಮದಂತೆ ಆಂಡ್ರಾಯ್ಡಿಗೆ ಬಂದವರು 24 ಗಂಟೆ, ಐಫೋನಿಗೆ ಬಂದವರು 72 ಗಂಟೆ 5,000 ರೂಪಾಯಿಗಿಂತ ಹೆಚ್ಚಿನ ಹಣ ಕಳಿಸುವಂತಿಲ್ಲ. ಮೊದಲನೆಯದನ್ನು ಏಕಾಹ ಸೂತಕವೆಂದೂ ಎರಡನೆಯದನ್ನು ತ್ರಿರಾತ್ರ ಸೂತಕವೆಂದೂ ತಿಳಿಯತಕ್ಕದ್ದು. ಸೂತಕದಲ್ಲಿರುವವರು ಹಾಲು, ಸೊಪ್ಪು, ಆಟೋ ಬಾಡಿಗೆಗಳನ್ನು ಮುಟ್ಟಬಹುದು. ಅಪಾರ್ಟ್‌ಮೆಂಟಿನ ವರ್ಷದ ಮೇಂಟೆನೆನ್ಸನ್ನು ಮುಟ್ಟಬಾರದು. ವಂಚಕರು ಹೆಚ್ಚಿರುವ ಕಾಲದಲ್ಲಿ ಈ ನಿಯಮಕ್ಕೆ ಅರ್ಥವಿದೆ, ಆದರೆ ಸೂತಕವುಂಟೆಂದು ಮೊದಲೇ ಹೇಳುವ ಪುರೋಹಿತರಿಲ್ಲ. ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ನಿಂತಾಗಲೇ ಅದು ತಿಳಿಯುತ್ತದೆ.

6. ಸಂಭಾಷಣಾಲೋಪ ಪ್ರಕರಣ

ವಾಟ್ಸಾಪಿನ ಹಳೆಯ ಮಾತುಕತೆಯನ್ನು ಆಂಡ್ರಾಯ್ಡ್ ಗೂಗಲ್‌ನ ಉಗ್ರಾಣದಲ್ಲಿಯೂ ಐಫೋನು ಆ್ಯಪಲ್‌ನ ಉಗ್ರಾಣದಲ್ಲಿಯೂ ಕಾಪಿಡುತ್ತವೆ; ಒಂದರ ಬೀಗಕ್ಕೆ ಇನ್ನೊಂದರ ಕೀಲಿ ಹೊಂದುವುದಿಲ್ಲ. ಐಫೋನಿನಿಂದ ಆಂಡ್ರಾಯ್ಡಿಗೆ ದಾಟುವ ದಾರಿ 2021ರಲ್ಲಿ, ಅದೂ ಮೊದಲು ಸ್ಯಾಮ್‌ಸಂಗ್ ಫೋನುಗಳಿಗೆ ಮಾತ್ರ, ಕೇಬಲ್ಲಿನ ಮೂಲಕ ತೆರೆಯಿತು. ಆಂಡ್ರಾಯ್ಡಿನಿಂದ ಐಫೋನಿಗೆ 2022ರಲ್ಲಿ. ಎರಡನೆಯದಕ್ಕೆ ವಿಧಿಸಿರುವ ವ್ರತನಿಯಮ ಹೀಗಿದೆ: ಎರಡೂ ಯಂತ್ರಗಳು ಚಾರ್ಜಿನಲ್ಲಿರಬೇಕು, ಒಂದೇ ವೈಫೈಯಲ್ಲಿರಬೇಕು, ಫೋನ್ ನಂಬರು ಒಂದೇ ಆಗಿರಬೇಕು, ‘ಮೂವ್ ಟು ಐಓಎಸ್’ ಎಂಬ ಆಪ್ ಇರಬೇಕು, ಮತ್ತು ಐಫೋನು ಹೊಚ್ಚ ಹೊಸದಾಗಿರಬೇಕು ಇಲ್ಲವೇ ಪೂರ್ತಿ ಅಳಿಸಿ ಹೊಸದರಂತೆ ಮಾಡಿದ್ದಾಗಿರಬೇಕು. ಇಷ್ಟೆಲ್ಲ ಆಚರಿಸಿದರೂ ಕರೆಗಳ ಪಟ್ಟಿ ಬರುವುದಿಲ್ಲ. ಬಳಕೆದಾರನು ಇಟ್ಟುಕೊಂಡ ಹೆಸರೂ ಬರುವುದಿಲ್ಲ. ನಾಮರೂಪಗಳಲ್ಲಿ ನಾಮವನ್ನು ತೊರೆಯಬೇಕೆಂಬ ಈ ವಿಧಿಯು ವೇದಾಂತಿಗಳಿಗೆ ರುಚಿಸೀತು.

ಆದರೆ ಮಗ ಬಂದ ರಾತ್ರಿಯೇ ಫೋನು ಸಿದ್ಧಪಡಿಸಿ, ಹೊಸ ಖಾತೆ ತೆರೆದು, ಫೋಟೋ ತುಂಬಿಸಿ, ಹಳೆಯ ಫೋನನ್ನು ಅಳಿಸಿ ಕೆಲಸದವಳಿಗೆ ಕೊಟ್ಟ ಮೇಲೆ ವ್ರತನಿಯಮ ತಿಳಿದರೆ ಗತಿಯೇನೆಂಬುದಕ್ಕೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ. ಅಳಿಸಿದ ಯಂತ್ರದಲ್ಲಿ ಏನಿತ್ತು? ದತ್ತಾಂಶವಿತ್ತು ಎನ್ನುತ್ತದೆ ಪರಿಭಾಷೆ. ತೀರಿಕೊಂಡ ಹೆಂಡತಿ ಎಂದೋ ಒಂದು ಸಂಜೆ ‘ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ, ಮರೀಬೇಡಿ’ ಎಂದು ಕಳಿಸಿದ ಕೆಲವು ಸೆಕೆಂಡಿನ ಧ್ವನಿ ಅದರಲ್ಲಿತ್ತು. ಆ ಧ್ವನಿಗೆ ಸ್ವಕೀಯದತ್ತಾಂಶವೆಂದು ಹೆಸರಿಡುವ ಶಾಸ್ತ್ರಕ್ಕೂ, ಅದನ್ನು ಪಕ್ಕದ ಯಂತ್ರಕ್ಕೆ ದಾಟಿಸುವ ದಾರಿಯನ್ನು ವರ್ಷಗಟ್ಟಲೆ ತೆರೆಯದೆ ‘ನಿಮ್ಮ ಜೀವನ ಎಷ್ಟು ಸರಾಗ’ ಎಂದು ಜಾಹೀರಾತು ಬರೆಯಿಸಿದ ವ್ಯಾಪಾರಕ್ಕೂ ನಾಚಿಕೆಯಾಗಬೇಕು.

7. ಪೂರ್ವಪಕ್ಷ ಮತ್ತು ಸಿದ್ಧಾಂತ

ಇಲ್ಲಿ ಪೂರ್ವಪಕ್ಷಿಯು ಏಳುತ್ತಾನೆ: ಅಧಿಷ್ಠಾನಗಳ ರಚನೆಯೇ ಬೇರೆಬೇರೆಯಾಗಿರುವುದರಿಂದ ದಾಟುವುದು ಸಹಜವಾಗಿಯೇ ಕಷ್ಟ, ಅದರಲ್ಲಿ ಯಾರ ತಪ್ಪೂ ಇಲ್ಲ, ಇರುವುದೆಲ್ಲ ಸುರಕ್ಷತೆಯ ಕಾಳಜಿ, ಎಂದು.

ಈ ವಾದ ನಿಲ್ಲುವುದಿಲ್ಲ. ಎಪಿಕ್ ಮತ್ತು ಆ್ಯಪಲ್ ಕಂಪನಿಗಳ ನಡುವಿನ ವ್ಯಾಜ್ಯದಲ್ಲಿ 2021ರಲ್ಲಿ ಹೊರಬಿದ್ದ ಕಾಗದಪತ್ರಗಳಲ್ಲಿ, ತಮ್ಮ ಸಂದೇಶ ಸೇವೆಯನ್ನು ಆಂಡ್ರಾಯ್ಡಿಗೂ ಕೊಟ್ಟರೆ ಐಫೋನಿನ ಮನೆಗಳವರು ಮಕ್ಕಳಿಗೆ ಆಂಡ್ರಾಯ್ಡ್ ಕೊಡಿಸಲು ಇದ್ದ ಅಡ್ಡಿ ತೊಲಗುತ್ತದೆಂದು ಆ್ಯಪಲ್‌ನ ಹಿರಿಯ ಅಧಿಕಾರಿಯೇ ಬರೆದಿದ್ದರು. ಅಂದರೆ ಅಡ್ಡಿ ತಾನಾಗಿ ಬೆಳೆದದ್ದಲ್ಲ, ಬೆಳೆಸಿದ್ದು. 2022ರಲ್ಲಿ ಒಬ್ಬಾತ ತಾನು ಕಳಿಸಿದ ವಿಡಿಯೋಗಳು ತಾಯಿಯ ಆಂಡ್ರಾಯ್ಡ್ ಫೋನಿನಲ್ಲಿ ಸರಿಯಾಗಿ ಕಾಣುವುದಿಲ್ಲವೆಂದು ಅಳಲು ತೋಡಿಕೊಂಡಾಗ, ಆ್ಯಪಲ್‌ನ ಮುಖ್ಯಸ್ಥ ಟಿಮ್ ಕುಕ್ ತಾಯಿಗೂ ಒಂದು ಐಫೋನು ಕೊಡಿಸುವಂತೆ ಸೂಚಿಸಿದರು. ಎದುರು ದೇವತೆಯೂ ಸಾತ್ವಿಕವಲ್ಲ: ಆಂಡ್ರಾಯ್ಡಿನ ಮೇಲಿನ ಹಿಡಿತವನ್ನು ದುರುಪಯೋಗ ಮಾಡಿಕೊಂಡದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗವು ಅದೇ ವರ್ಷ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು.

ಕಾನೂನು ಮನಸ್ಸು ಮಾಡಿದಲ್ಲೆಲ್ಲ ಗೋಡೆ ಬಿದ್ದಿದೆ. ಸೇವೆ ಬದಲಿಸಿದರೆ ನಂಬರು ಹೋಗುತ್ತದೆಂದು ಮೊಬೈಲ್ ಕಂಪನಿಗಳು ಜನರನ್ನು ಕಟ್ಟಿಹಾಕಿದ್ದ ಕಾಲವೊಂದಿತ್ತು. 2011ರ ಜನವರಿ 20ರಿಂದ ದೇಶದಾದ್ಯಂತ 1900ಕ್ಕೊಂದು ಸಂದೇಶ ಕಳಿಸಿ ನಂಬರನ್ನು ಹೊತ್ತುಕೊಂಡೇ ಹೊರಡುವಂತಾಯಿತು. ಯುರೋಪಿನ ಒಕ್ಕೂಟ ಎಲ್ಲ ಫೋನುಗಳಿಗೂ ಒಂದೇ ಚಾರ್ಜರ್ ಇರಬೇಕೆಂದು ಕಾನೂನು ಮಾಡಿದ ಮೇಲೆ 2023ರ ಐಫೋನು ಯುಎಸ್‌ಬಿ-ಸಿ ಕಿಂಡಿಯೊಡನೆ ಬಂತು. ಕುಮಾರ ಪಾರ್ಕಿನ ಮನೆಯಲ್ಲಿ ಇಂದು ಒಂದೇ ಚಾರ್ಜರ್ ಸಾಕಾಗಿದ್ದರೆ ಅದು ಬ್ರಸೆಲ್ಸಿನವರ ಉಪಕಾರ. ವಾಟ್ಸಾಪಿನ ಮಾತುಕತೆ ದಾಟುವುದೂ ಸಾಧ್ಯವೆಂದು 2022ರಲ್ಲಿ ಕಂಪನಿಗಳೇ ಮಾಡಿ ತೋರಿಸಿವೆ.

ಕನ್ನಡಕ್ಕಂತೂ ಈ ಪಾಠ ಹಳೆಯದು. ಬರಹ, ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತಗಳನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತಿತ್ತು. ಅದನ್ನು ಬಿಡಿಸಿದ್ದು ಯಾರೊಬ್ಬರ ಸ್ವತ್ತೂ ಅಲ್ಲದ, ಎಲ್ಲ ಯಂತ್ರಗಳಿಗೂ ಒಂದೇ ಆದ ಯುನಿಕೋಡ್ ಸಂಕೇತ ವ್ಯವಸ್ಥೆ.

8. ಉಪಸಂಹಾರ

1927ರಲ್ಲಿ ಆರೋಗ್ಯ ಕೆಟ್ಟು ನಂದಿ ಬೆಟ್ಟದಲ್ಲಿ ವಿಶ್ರಮಿಸಿದ ಗಾಂಧೀಜಿ ಅನಂತರ ಇದೇ ಕುಮಾರ ಪಾರ್ಕಿನಲ್ಲಿ ತಂಗಿ, ಇಲ್ಲಿಂದ ಪತ್ರಗಳನ್ನು ಬರೆದರು. ಅವು ಅವರ ಸಮಗ್ರ ಕೃತಿಗಳ ಸಂಪುಟಗಳಲ್ಲಿ ಅಚ್ಚಾಗಿವೆ. ಓದಲು ಕನ್ನಡಕವೊಂದಿದ್ದರೆ ಸಾಕು, ಯಾವ ದೇವತೆಯ ಅಪ್ಪಣೆಯೂ ಬೇಡ. ಅದೇ ಬಡಾವಣೆಯ ಇಂದಿನ ಪತ್ರಗಳೆಲ್ಲ ಫೋನಿನೊಳಗಿವೆ, ಮತ್ತು ಅವುಗಳ ಆಯುಷ್ಯವನ್ನು ಬರೆದವರಾಗಲಿ ಪಡೆದವರಾಗಲಿ ನಿರ್ಧರಿಸುವಂತಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ತೀರ್ಪಿನ ಬೆನ್ನಿಗೆ ಬಂದ 2019ರ ಮಾಹಿತಿ ರಕ್ಷಣೆಯ ಮಸೂದೆಯಲ್ಲಿ, ತನ್ನ ಮಾಹಿತಿಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ಪ್ರಜೆಗಿತ್ತು. ಆ ಮಸೂದೆಯನ್ನು ಹಿಂಪಡೆದು 2023ರಲ್ಲಿ ಬೇರೊಂದು ಕಾಯಿದೆ ಮಾಡಿದಾಗ ಆ ಹಕ್ಕು ಅದರಲ್ಲಿರಲಿಲ್ಲ. ಎಂಬತ್ತರ ಹೊಸ್ತಿಲಲ್ಲಿದ್ದು, ಗೊತ್ತಿರುವ ಯಂತ್ರವನ್ನು ಬಿಟ್ಟು ಗೊತ್ತಿಲ್ಲದ ಯಂತ್ರದ ಮುಂದೆ ದಡ್ಡರಂತೆ ಕೂತಿರುವವರಿಗೆ ‘ನಿಮಗೆ ಟೆಕ್ನಾಲಜಿ ಬರೋದಿಲ್ಲ’ ಎಂದು ಮನೆಯವರು ಹೇಳುತ್ತಾರೆ. ಬಾರದಿರುವುದು ಅವರಿಗಲ್ಲ, ಅವರದನ್ನು ಅವರಿಗೆ ದಾಟಿಸಿಕೊಡುವ ಕೆಲಸ ಕಾನೂನು ಬರೆಯುವವರಿಗೆ ಬಂದಿಲ್ಲ. ಕೈಬಿಟ್ಟ ಆ ಹಕ್ಕನ್ನು ಕಾಯಿದೆಗೆ ಮರಳಿ ಸೇರಿಸಿದರೆ ಈ ಮೀಮಾಂಸೆಯ ಎಂಟೂ ಅಧ್ಯಾಯಗಳು ನಿರುಪಯುಕ್ತವಾಗುತ್ತವೆ, ಮತ್ತು ಆಗಲೇಬೇಕು.