ಚೆಂಡೆಯ ಪಕ್ಕದ ಕಿವಿ

ತೆಂಕುತಿಟ್ಟಿನ ಯಕ್ಷಗಾನದಲ್ಲಿ ಚೆಂಡೆಯವರು ನಿಂತು ಬಾರಿಸುತ್ತಾರೆ, ಮದ್ದಳೆಯವರು ಕೂತು ನುಡಿಸುತ್ತಾರೆ. ಯಾರು ಮಾಡಿಟ್ಟ ವ್ಯವಸ್ಥೆಯೋ, ನಿಂತವರ ಚೆಂಡೆಯೂ ಕೂತವರ ಕಿವಿಯೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ. ಹವ್ಯಾಸಿ ಸಂಘದ ಮದ್ದಳೆಗಾರನಾದ ನಾನು ಇದನ್ನು ಕಲಾಸೇವೆಯ ಲೆಕ್ಕಕ್ಕೇ ಹಾಕಿಕೊಂಡಿದ್ದೆ. ಆಟದ ಮರುದಿನ ಮಧ್ಯಾಹ್ನವಾದರೂ ಕಿವಿ ಕುಂಯ್ ಎನ್ನುತ್ತಿತ್ತು. "ಕುಕ್ಕರ್ ಇಟ್ಟಿದ್ದೀಯಾ?" ಎಂದು ಕೇಳಿದರೆ ಹೆಂಡತಿ, "ಅನ್ನ ಆಗಿ ಒಂದು ಗಂಟೆ ಆಯ್ತು" ಎನ್ನುತ್ತಿದ್ದಳು.

ಕಿವಿಯ ಡಾಕ್ಟರು ಬೈಯಲಿಲ್ಲ. "ಒಳಗೆ ಕೂದಲಿನಂಥ ಕೋಶಗಳಿವೆ. ಶಬ್ದ ಜಾಸ್ತಿಯಾದರೆ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ" ಎಂದು ಹೇಳಿ, ಉದಾಹರಣೆಗೆಂಬಂತೆ ನನ್ನ ನೆತ್ತಿಯನ್ನೊಮ್ಮೆ ನೋಡಿದರು.

ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ಕೇಳಬಹುದು. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧಕ್ಕಿಳಿಯುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮಂಗಳ ಹಾಡುವ ಬಯಲಾಟ ಸರಿಯಾಗಿ ಎಂಟು ಗಂಟೆಯದ್ದು. ಆದರೆ ನನ್ನ ಮೊಬೈಲಿನ ಆ್ಯಪು ಬಣ್ಣದ ವೇಷದ ಪ್ರವೇಶಕ್ಕೆ ನೂರರ ಆಸುಪಾಸು ತೋರಿಸುತ್ತಿತ್ತು. ಮೊಬೈಲನ್ನು ಪೂರ್ತಿ ನಂಬಬೇಕಾಗಿಲ್ಲ, ಒಪ್ಪುತ್ತೇನೆ. ಆದರೂ 15 ನಿಮಿಷದಲ್ಲಿ ನಮ್ಮ ರಕ್ಕಸರು ತೆರೆಯ ಹಿಂದಿನಿಂದ ಪೂರ್ತಿ ಹೊರಗೆ ಬಂದೇ ಇರುವುದಿಲ್ಲ.

ಮೊದಲು ತಂದದ್ದು ಮೆಡಿಕಲ್ ಶಾಪಿನ ಹಳದಿ ಸ್ಪಂಜಿನ ಇಯರ್‌ಪ್ಲಗ್. ಅದನ್ನು ಬೆರಳಲ್ಲಿ ಹೊಸೆದು ಸಪೂರ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಚೌಕಿಯಲ್ಲಿ ಈ ಭಂಗಿಯಲ್ಲಿ ಕೂತಿದ್ದಾಗ ಸ್ತ್ರೀವೇಷದವರು ಕನ್ನಡಿಯಿಂದ ತಲೆಯೆತ್ತಿ, "ಎಂತ ಮಾರಾಯ್ರೆ, ನಿಮ್ಮ ಕಿವಿ ನೀವೇ ಹಿಂಡಿಕೊಳ್ಳುವುದಾ?" ಎಂದರು.

ಸ್ಪಂಜು ಶಬ್ದವನ್ನೇನೋ ತಡೆಯಿತು, ಆದರೆ ಪಕ್ಷಪಾತ ಮಾಡಿ ತಡೆಯಿತು. ತಾರದ ಸದ್ದನ್ನು ಹೆಚ್ಚು ನುಂಗಿ ಮಂದ್ರವನ್ನು ಬಿಟ್ಟುಕೊಟ್ಟಿತು. ಜಾಗಟೆ ಸತ್ತುಹೋಯಿತು. ಭಾಗವತರ ಪದದಲ್ಲಿ ಸ, ಶ, ಚಗಳೆಲ್ಲ ಉದುರಿ ಬರೀ ಸ್ವರ ಉಳಿಯಿತು. ನನ್ನ ಬಾಯಲ್ಲಿದ್ದ ಅಡಿಕೆ ಮಾತ್ರ ತಲೆಯ ತುಂಬ ಕೇಳಿಸಿತು.

ಇದಕ್ಕೆ ಕಾರಣ ಉಂಟು. ತೆರೆದ ಕಿವಿಯ ಓಣಿ ತಾನಾಗಿಯೇ 2700 ಹರ್ಟ್ಸ್ ಆಸುಪಾಸಿನ ಸದ್ದನ್ನು ಎತ್ತಿ ಕೊಡುತ್ತದೆ. ಬಿರಡೆ ಹಾಕಿದ ಕೂಡಲೇ ಆ ದಾನ ಬಂದ್. ಅದನ್ನೂ ಲೆಕ್ಕಕ್ಕೆ ಹಿಡಿದು, ತಾರ ಮಂದ್ರ ಎರಡನ್ನೂ ಸಮನಾಗಿ 15 ಡೆಸಿಬೆಲ್ ಇಳಿಸುವ ಸಂಗೀತಗಾರರ ಪ್ಲಗ್ಗನ್ನು ಮೀಡ್ ಕಿಲಿಯನ್ ಎಂಬವರ ಎಟಿಮೋಟಿಕ್ ಕಂಪನಿ 1988ರಲ್ಲಿ ತಂದಿತು. ಕಿವಿಯ ಅಚ್ಚು ತೆಗೆಸಿಕೊಂಡರೆ 9, 15, 25ರ ಫಿಲ್ಟರುಗಳನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು. 15 ಇಳಿಸಿದರೆ 100 ಎಂಬುದು 85 ಆಯಿತು, ಮಂಗಳದವರೆಗೂ ಕೂರಬಹುದು.

ಲೆಕ್ಕ ಸರಿಯಾಯಿತು, ಮನೆಯಲ್ಲಿ ಒಪ್ಪಿಸುವುದು ಉಳಿಯಿತು. "ಸ್ಪಂಜಿನ ಪೊಟ್ಟಣದಲ್ಲಿ 32 ಅಂತ ಬರೆದಿದೆ. ಇದು ಬರೀ 15. ಜಾಸ್ತಿ ದುಡ್ಡು ಕೊಟ್ಟು ಕಡಿಮೆ ಮುಚ್ಚುವುದಾ?" ಎಂದಳು ಹೆಂಡತಿ. ಜವಳಿ ಅಂಗಡಿಯಲ್ಲಿ ಅವಳು ಮಾಡುವ ವ್ಯಾಪಾರ ನೆನಪಾದರೂ ಸುಮ್ಮನಿದ್ದೆ.

ಲಂಡನ್ನಿನ ರಾಯಲ್ ಒಪೆರಾ ಹೌಸಿನಲ್ಲಿ ಕ್ರಿಸ್ ಗೋಲ್ಡ್‌ಶೈಡರ್ ಎಂಬ ವಯೋಲಾ ವಾದಕರು 2012ರಲ್ಲಿ ವಾಗ್ನರನ ಒಪೆರಾದ ತಾಲೀಮಿಗೆ ಹಿತ್ತಾಳೆ ವಾದ್ಯಗಳ ಮುಂದೆ ಕೂತು ಕಿವಿ ಕೆಡಿಸಿಕೊಂಡರು. ಕೇಸು ಹಾಕಿ 2018ರಲ್ಲಿ ಗೆದ್ದರು. ನಾನು ಯಾರ ಮೇಲೆ ಹಾಕಲಿ? ಚೆಂಡೆ ಬಾರಿಸುವುದು ನನ್ನ ಸ್ವಂತ ಭಾವ. ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದ ಅಬ್ಬರಿಸಿಕೊಂಡು ಬರುವಾಗ "ಭಾವ, ಸ್ವಲ್ಪ ಮೆಲ್ಲಗೆ" ಎಂದರೆ ಆಟ ಆಡಿಸುವ ಮನೆಯವರೇ ನನ್ನನ್ನು ಎಬ್ಬಿಸಿ ಕಳಿಸಿಯಾರು.

ಕೊನೆಗೆ ಹೊಸ ಪ್ಲಗ್ ಹಾಕಿಕೊಂಡೇ ಆಟಕ್ಕೆ ಕೂತೆ. ಭಾವ ಏನೂ ಅನ್ನಲಿಲ್ಲ, ಅವರಿಗೆ ಕೇಳಿಸುವುದೇ ಕಡಿಮೆ. ಮುಖ ಕೆಂಪು ಮಾಡಿಕೊಂಡದ್ದು ಭಾಗವತರು. ತಮ್ಮ ಬಲಗೈ ಬಂಟನೆಂದು ನಂಬಿದವನು ತಾವು ಬಾಯಿ ತೆರೆಯುವ ಹೊತ್ತಿಗೆ ಕಿವಿಗೆ ಬಿರಡೆ ಜಡಿದರೆ ಯಾರಿಗೆ ಸಹನೆಯಾಗುತ್ತದೆ? "ನಮ್ಮ ಪದ್ಯ ಅಷ್ಟು ಹಾಳಾಗಿದೆಯಾ ಭಟ್ರೆ?" ಎಂದು ಎಲೆಯಡಿಕೆ ತಟ್ಟೆಯನ್ನು ಆಚೆ ಸರಿಸಿದರು.

"ಇಲ್ಲ ಭಾಗವತರೇ, ಇದು ಹಾಕಿದ ಮೇಲೆ ನಿಮ್ಮ ಸಾಹಿತ್ಯ ಒಂದೊಂದು ಅಕ್ಷರವೂ ಸ್ಪಷ್ಟ ಕೇಳುತ್ತದೆ" ಎಂದು ಸಮಾಧಾನ ಹೇಳಿದೆ. ಮಾತು ನಿಜವೇ. ಚೆಂಡೆಯ ಅಬ್ಬರ ತಗ್ಗಿದ್ದರಿಂದ ಆ ರಾತ್ರಿ ಅವರ ಹಾಡುಗಾರಿಕೆ ನಿಚ್ಚಳವಾಗಿ ಕೇಳಿಸಿತು. ಮೂರು ಗಂಟೆಯ ಜಾವಕ್ಕೆ ಅವರು ಪದ್ಯದ ನಡುವಿನ ಸಾಲುಗಳನ್ನು ನುಂಗಿ, ಅಲ್ಲಿಗೆ "ಆ ಆ ಆ" ತುಂಬಿಸಿ, ನೇರ ಮುಕ್ತಾಯಕ್ಕೆ ಬಂದು ನಿಲ್ಲುವುದೂ ಕೇಳಿಸಿತು. ನನ್ನ ತಲೆ ತಾನಾಗಿ ಅವರತ್ತ ತಿರುಗಿತು. ಅವರೂ ನನ್ನನ್ನು ನೋಡಿದರು.

ಈಗ ಭಾಗವತರು ಪ್ಲಗ್ಗಿಗೆ ಮೊದಲಿಗಿಂತ ಹೆಚ್ಚು ವಿರೋಧ.