ನಿಧಾನಯಾನ ಮೀಮಾಂಸೆ: ಪ್ರಥಮಾಧ್ಯಾಯ

‘ಹೊರಟಲ್ಲಿಗೇ ಮರಳಿಸುವ ವಾಹನಕ್ಕೆ ದರ ಹೆಚ್ಚು.’ ಇದು ಸೂತ್ರ. ಇದರ ಪರೀಕ್ಷೆಗೆ ಅಮೆರಿಕದ ನ್ಯೂ ಆರ್ಲಿಯನ್ಸ್‌ಗಿಂತ ಪ್ರಶಸ್ತವಾದ ಕ್ಷೇತ್ರವಿಲ್ಲ. ಅಲ್ಲಿ ದಿನವೂ ಎಲ್ಲಿಗೋ ಹೋಗಬೇಕಾದವನು ಒಂದೂಕಾಲು ಡಾಲರಿಗೆ ಟ್ರಾಮು ಹತ್ತುತ್ತಾನೆ. ಎಲ್ಲಿಗೂ ಹೋಗಬೇಕಿಲ್ಲದವನು ಅದರ ಎಷ್ಟೋ ಪಟ್ಟು ತೆತ್ತು ‘ನ್ಯಾಚೆಜ್’ ಸ್ಟೀಮರ್ ಏರುತ್ತಾನೆ. ಅದು ಎರಡು ಗಂಟೆ ಮಿಸಿಸಿಪ್ಪಿಯಲ್ಲಿ ಸುತ್ತಾಡಿಸಿ ಹತ್ತಿದ ಕಟ್ಟೆಯಲ್ಲೇ ಇಳಿಸುತ್ತದೆ. ಹೊರಡುವ ಮುನ್ನ ಹಡಗಿನ ನೆತ್ತಿಯ ಮೇಲೆ ಹಬೆಯಿಂದ ಊದುವ 32 ಸ್ವರಗಳ ವಾದ್ಯ ಮೊಳಗುತ್ತದೆ. ಟಿಕೆಟ್ ಕೊಳ್ಳದವರೂ ಅದನ್ನು ಕೇಳಲೇಬೇಕು, ಬೇರೆ ದಾರಿಯಿಲ್ಲ.

ಪೂರ್ವಪಕ್ಷ: ವೇಗವೇ ವಾಹನದ ಧರ್ಮವಲ್ಲವೆ? 1870ರಲ್ಲಿ ಹಳೆಯ ‘ನ್ಯಾಚೆಜ್’ಗೂ ‘ರಾಬರ್ಟ್ ಇ. ಲೀ’ಗೂ ಇದೇ ಊರಿನಿಂದ ಸೇಂಟ್ ಲೂಯಿಸ್‌ವರೆಗೆ ಪಂದ್ಯ ನಡೆಯಿತು. ಲೀ ಸರಕು ಒಲ್ಲೆನೆಂದಿತು, ಮೈಭಾರ ಕಳಚಿಕೊಂಡಿತು, 3 ದಿನ 18 ಗಂಟೆ 14 ನಿಮಿಷದಲ್ಲಿ ಗುರಿ ಮುಟ್ಟಿತು. ನ್ಯಾಚೆಜ್ ಎಂದಿನಂತೆ ಸರಕು, ಪ್ರಯಾಣಿಕರನ್ನು ಹೊತ್ತು, ಮಂಜಿನಲ್ಲಿ ಕಾದು ನಿಂತು, ಸೋತಿತು.

ಸಿದ್ಧಾಂತ: ಇವತ್ತು ಪ್ರವಾಸಿಗಳನ್ನು ಸುತ್ತಿಸುತ್ತಿರುವುದು ಸೋತ ಹಡಗಿನ ಹೆಸರೇ! ಈಗಿನದು ಆ ಹೆಸರಿನ ಒಂಬತ್ತನೆಯದು, 1975ರಲ್ಲಿ ಕಟ್ಟಿದ್ದು. ಒಳಗಿನ ಉಗಿ ಎಂಜಿನ್ನುಗಳು ಮಾತ್ರ ಬೇರೊಂದು ಹಡಗಿನಿಂದ ಬಿಚ್ಚಿ ತಂದ 1925ರ ಮಾಲು. ಹಡಗಿನ ವಯಸ್ಸನ್ನು ಒಡಲಿನಿಂದ ಎಣಿಸಬೇಕೋ ಎಂಜಿನ್ನಿನಿಂದಲೋ ಎಂಬುದನ್ನು ತಾರ್ಕಿಕರಿಗೇ ಬಿಡಲಾಗಿದೆ.

ಇನ್ನು ಟ್ರಾಮು. ಸೇಂಟ್ ಚಾರ್ಲ್ಸ್ ಮಾರ್ಗ 1835ರಿಂದ ಓಡುತ್ತಿದೆ, 1893ರಲ್ಲಿ ವಿದ್ಯುತ್ ಕಂಡಿತು. ಹಸಿರು ಗಾಡಿಗಳು 1920ರ ದಶಕದ ಪರ್ಲಿ ಥಾಮಸ್ ಕಾರ್ಖಾನೆಯವು. ಕ್ಯಾರೊಲ್ಟನ್ ಕಡೆಯ ತುದಿಯಲ್ಲಿ ಗಾಡಿ ತಿರುಗುವುದಿಲ್ಲ. ತಂತಿಗೆ ತಾಗುವ ಕೋಲನ್ನು ಬದಲಿಸಿ, ಮರದ ಸೀಟುಗಳ ಒರಗುಹಲಗೆಗಳನ್ನು ಒಂದೊಂದಾಗಿ ಟಪ್ ಟಪ್ ಎಂದು ಆಚೆ ಮಗುಚಿದರೆ ಮುಗಿಯಿತು, ಹಿಂದು ಮುಂದಾಯಿತು. ಇದೇ ಒರಗುಹಲಗೆಗಳ ಮೇಲೆ 1958ರವರೆಗೆ ಕರಿಯರನ್ನು ಹಿಂದಕ್ಕೆ ಕೂರಿಸುವ ಫಲಕ ಸಿಕ್ಕಿಸುತ್ತಿದ್ದರು. ಸುಲಭವಾಗಿ ಮಗುಚುವ ಹಲಗೆಯನ್ನು ಹೊಗಳುವ ಶಾಸ್ತ್ರಕಾರ ಇದನ್ನು ಮರೆತರೆ ಅವನ ಶಾಸ್ತ್ರಕ್ಕೆ ಕಿಮ್ಮತ್ತಿಲ್ಲ.

ಜಗತ್ತಿನಲ್ಲಿ ಎಡೆಬಿಡದೆ ಓಡುತ್ತಿರುವ ಅತಿ ಹಳೆಯ ರಸ್ತೆ ರೈಲು ಇದೇ ಎನ್ನುತ್ತಾರೆ. 2005ರ ಕತ್ರಿನಾ ಚಂಡಮಾರುತದ ನಂತರದ ಬಿಡುವನ್ನು ‘ಎಡೆ’ ಎಂದು ಶಾಸ್ತ್ರ ಒಪ್ಪುವುದಿಲ್ಲ. ಆಗ ಕೆನಾಲ್ ಸ್ಟ್ರೀಟಿನ ಹೊಚ್ಚಹೊಸ ಕೆಂಪು ಗಾಡಿಗಳು ಷೆಡ್ಡಿನಲ್ಲೇ ನೀರುಪಾಲಾದವು. ಎತ್ತರದ ಷೆಡ್ಡಿನಲ್ಲಿದ್ದ ಹಸಿರು ಮುದುಕರು ಒಣಗಿಯೇ ಉಳಿದು, ಸ್ವಂತ ಮಾರ್ಗದ ತಂತಿ ರಿಪೇರಿಯಾಗುವವರೆಗೆ ಆ ಕಿರಿಯರ ಮಾರ್ಗದಲ್ಲಿ ದುಡಿದರು. ನಿಧಾನವೇ ಪ್ರಧಾನ ಎನ್ನುವವರಿಗೆ ಇಷ್ಟು ಪುರಾವೆ ಸಾಕು.

ಒಂದು ಆಕ್ಷೇಪ ಮಾತ್ರ ಉಳಿದಿದೆ. ಅದೇ ಟ್ರಾಮಿನಲ್ಲಿ ಟುಲೇನ್ ವಿಶ್ವವಿದ್ಯಾಲಯದ ಹುಡುಗರು, ಹೋಟೆಲ್ ಕೆಲಸದವರು ಹತ್ತುತ್ತಾರೆ. ಮಾರ್ಗದ ಬದಿಯ ಬಂಗಲೆಗಳ ಕಡೆ ಕಣ್ಣೆತ್ತಿಯೂ ನೋಡದೆ ತಮ್ಮ ತಮ್ಮ ಸ್ಟಾಪಿನಲ್ಲಿ ಇಳಿದು ಹೋಗುತ್ತಾರೆ. ಇವರ ಖಂಡನೆಯನ್ನು ದ್ವಿತೀಯಾಧ್ಯಾಯಕ್ಕೆ ಮುಂದೂಡಲಾಗಿದೆ.