89ನೇ ನಿಮಿಷದ ಶೂರರು

(2024ರ ಮಾರ್ಚ್ 2, ರಾತ್ರಿ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ನೀಲಿ ಜೆರ್ಸಿ ತೊಟ್ಟ ಅಳಿಯ ಕಂಠೀರವ ಕ್ರೀಡಾಂಗಣದಿಂದ ಮನೆಗೆ ಬರುತ್ತಾನೆ.)

ಮಾವ: ಏನೋ, ಗಂಟಲು ಕೂತುಹೋಗಿದೆ?

ಅಳಿಯ: ಗೆದ್ವಿ ಮಾವ! ಕೇರಳ ಬ್ಲಾಸ್ಟರ್ಸ್ ಮೇಲೆ 1–0. 89ನೇ ನಿಮಿಷದಲ್ಲಿ ಹಾವಿ ಹೆರ್ನಾಂಡೆಜ್ ಗೋಲು!

ಮಾವ: ಮಿಕ್ಕ 88 ನಿಮಿಷ ಏನ್ ಮಾಡ್ತಿದ್ರು?

ಅಳಿಯ: ತಂತ್ರ ಮಾವ. ಎದುರಾಳಿಗೆ ನಿದ್ದೆ ಬರಿಸೋದು.

ಮಾವ: ಟಿವಿ ಮುಂದೆ ನನಗೂ ಬಂತು. ಅಷ್ಟಗಲ ಓಟದ ಟ್ರ್ಯಾಕ್ ಆಚೆ ಕೂತ ನಿನಗೆ ಚೆಂಡು ಕಾಣ್ತೇನೋ?

ಅಳಿಯ: ಕಾಣೋದ್ಯಾಕೆ? ನಮ್ಮ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರು ಕುಣಿದ್ರೆ ಗೋಲು ಅಂತಲೇ ಲೆಕ್ಕ. ಇನ್ನೇನು, ಮೊದಲ ಆರರೊಳಗೆ ಬಂದ್ರೆ ಪ್ಲೇಆಫ್, ಆಮೇಲೆ ಕಪ್ಪು. 2019ರಲ್ಲಿ ಗೆದ್ದಿರಲಿಲ್ವಾ?

ಮಾವ: ಮೊನ್ನೆ ತಾನೇ ಎಲ್ಲರನ್ನೂ ಬದಲಾಯಿಸಬೇಕು ಅಂತಿದ್ದೆ!

ಅಳಿಯ: ಕೋಚ್ ಆಗಲೇ ಬದಲಾದ್ರಲ್ಲ.

ಮಾವ: ಮತ್ತೆ ಇನ್ಯಾರು ಬದಲಾಗಬೇಕು?

ಅಳಿಯ: ರೆಫರಿ.

(ಗೆದ್ದ ರಾತ್ರಿಯೂ ರೆಫರಿಗೆ ಬಿಡುಗಡೆಯಿಲ್ಲ!)

ಮಾವ: ಅದಿರಲಿ, ಪಾಯಿಂಟ್ ಪಟ್ಟಿ ತೋರಿಸು.

ಅಳಿಯ: ನಾಳೆ ನೋಡೋಣ ಮಾವ. ಇವತ್ತು ಒಳ್ಳೇ ದಿನ.

ಆ ಸೀಸನ್ ಮುಗಿದಾಗ ಬೆಂಗಳೂರು ಎಫ್‌ಸಿ 12 ತಂಡಗಳಲ್ಲಿ 10ನೆಯದಾಗಿತ್ತು.